ಕುರಿಗಳ ನೀಲಿ ನಾಲಿಗೆ ರೋಗ: ನೊರಜು ಹುಟ್ಟುವ ಜಾಗ, ತಡೆ, ಲಸಿಕೆ — ವಿವರವಾಗಿ ಚರ್ಚಿಸೋಣ

ಹಿರಿಯೂರು ಹಟ್ಟಿ

ಶಿರಾ, ಹಿರಿಯೂರು, ಚಳ್ಳಕೆರೆ ಸೀಮೆಯಲ್ಲಿ ಹಿಂಗಾರು ಹಿಡಿದ ಮೇಲೆ ಕುರಿಗಳಿಗೆ ನೀಲಿ ನಾಲಿಗೆ ಬರುವುದು ಹೊಸತಲ್ಲ. ಇದು ನೊರಜು ಕಚ್ಚಿ ಬರುವ ರೋಗ ಅಂತ ಈಗ ಹೆಚ್ಚಿನವರಿಗೆ ಗೊತ್ತಿದೆ. ಆದರೆ ಹಟ್ಟಿಗಳಲ್ಲಿ ಮಾಡುವುದೆಲ್ಲ ಸೊಳ್ಳೆಗೆ ಮಾಡುವ ಉಪಾಯವೇ: ಸೊಳ್ಳೆಪರದೆ, ಬೇವಿನ ಹೊಗೆ, ಗುಂಡಿಗೆ ಸೀಮೆಎಣ್ಣೆ. ರೋಗವೇನೂ ಕಡಿಮೆಯಾಗಿಲ್ಲ. ನೊರಜು ನಿಜಕ್ಕೂ ಎಲ್ಲಿ ಮರಿ ಮಾಡುತ್ತದೆ, ಹಟ್ಟಿ ಮಟ್ಟದಲ್ಲಿ ಅದನ್ನು ಎಷ್ಟು ತಗ್ಗಿಸಬಹುದು, ಲಸಿಕೆ ಯಾವ ತಿಂಗಳಲ್ಲಿ ಹಾಕಿಸಬೇಕು, ಜ್ವರ ಬಂದ ಮೊದಲೆರಡು ದಿನ ಏನು ಮಾಡಬೇಕು? ತಿಳಿದವರು ಅಳತೆ ಸಮೇತ ಬರೆಯಿರಿ.

ಕೀಟಬಲೆ

ಮೊದಲು ಕೀಟದ ಬಗ್ಗೆ, ಯಾಕೆಂದರೆ ಉಪಾಯ ತಪ್ಪುವುದು ಅಲ್ಲೇ.

ನಾವು ಮಾತಾಡುತ್ತಿರುವುದು ಕ್ಯುಲಿಕಾಯ್ಡಿಸ್ ಕುಲದ ನೊರಜಿನ ಬಗ್ಗೆ. ಉದ್ದ 1ರಿಂದ 3 ಮಿಲಿಮೀಟರ್. ಕೂತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಒಂದರ ಮೇಲೊಂದು ಚಪ್ಪಟೆಯಾಗಿ ಮಡಚುತ್ತದೆ. ಹೆಚ್ಚಿನ ಪ್ರಭೇದಗಳ ರೆಕ್ಕೆಯಲ್ಲಿ ಬೂದು-ಬಿಳಿ ಮಚ್ಚೆಗಳಿರುತ್ತವೆ, ಪ್ರಭೇದ ಗುರುತಿಸುವುದು ಮುಖ್ಯವಾಗಿ ಆ ಮಚ್ಚೆಗಳಿಂದಲೇ. ರಕ್ತ ಹೀರುವುದು ಹೆಣ್ಣು ಮಾತ್ರ, ಮೊಟ್ಟೆ ಬಲಿಯಲು ರಕ್ತ ಬೇಕು ಅಂತ. ಗಂಡು ಹೂವಿನ ರಸದಲ್ಲೇ ಬದುಕುತ್ತದೆ. ಸೂರ್ಯ ಮುಳುಗುವ ಹೊತ್ತಿನಿಂದ ಬೆಳಗಿನವರೆಗೆ ಇವುಗಳ ಓಡಾಟ, ಮುಸ್ಸಂಜೆ ಮತ್ತು ನಸುಕಿನಲ್ಲಿ ಅತಿ ಹೆಚ್ಚು.

ಇನ್ನು ಮರಿ ಮಾಡುವ ಜಾಗ. ಸೊಳ್ಳೆಮರಿ ನಿಂತ ನೀರಿನಲ್ಲಿದ್ದು, ಉಸಿರಾಡಲು ನೀರಿನ ಮೇಲ್ಮೈಗೆ ಬರುತ್ತದೆ. ಎಣ್ಣೆ ಬಿಟ್ಟರೆ ಸಾಯುವುದು ಅದಕ್ಕೇ. ನೊರಜಿನ ಮರಿ ಇರುವುದು ಕೆಸರಿನೊಳಗೆ, ಮೇಲಿನ ಎರಡು ಮೂರು ಸೆಂಟಿಮೀಟರಿನಲ್ಲಿ. ಅದು ಚರ್ಮದ ಮೂಲಕವೇ ಉಸಿರಾಡುತ್ತದೆ, ಮೇಲೆ ಬರಬೇಕಾಗಿಲ್ಲ. ಸೀಮೆಎಣ್ಣೆ ಅದಕ್ಕೆ ತಟ್ಟುವುದಿಲ್ಲ, ಗಪ್ಪಿ ಮೀನು ಬಿಟ್ಟರೂ ಸಿಗುವುದಿಲ್ಲ. ಬೇಕಾಗಿರುವುದು ತುಂಬಿದ ನೀರಲ್ಲ. ಒದ್ದೆಯಾಗಿಯೇ ಇದ್ದು ಮುಳುಗದ ಮಣ್ಣು, ಅದರಲ್ಲಿ ಸಗಣಿ, ಹಿಕ್ಕೆ, ಗಂಜಲ ಅಥವಾ ಕೊಳೆತ ಎಲೆ ಬೆರೆತಿರಬೇಕು. ನೀರಿನ ತೊಟ್ಟಿ ಸೋರುವ ಜಾಗ, ಬಚ್ಚಲ ನೀರು ಹರಿದು ಇಂಗುವ ಅಂಚು, ತಿಪ್ಪೆಯ ಬುಡದ ರಸ, ಜಾನುವಾರು ತುಳಿದ ಕೆರೆಯಂಚು, ಭತ್ತದ ಗದ್ದೆಯ ಬದು ಇಂಥವೇ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆಕ್ಸಿಸ್ಟೋಮ ಮತ್ತು ಪೆರೆಗ್ರಿನಸ್ ಪ್ರಭೇದಗಳು ಗದ್ದೆ, ಹೊಂಡದ ಅಂಚಿನ ಕೆಸರನ್ನು ಇಷ್ಟಪಡುತ್ತವೆ. ಇಮಿಕೋಲ ಸಗಣಿ ಬೆರೆತ ತೇವದ ಮಣ್ಣಿನಲ್ಲಿ ಹುಟ್ಟುತ್ತದೆ. ಇನ್ನು ಕೆಲವು ಹಸಿ ಸಗಣಿಯಲ್ಲೇ ಬೆಳೆಯುತ್ತವೆ.

ಬೆಚ್ಚಗಿನ ಕಾಲದಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಎರಡರಿಂದ ನಾಲ್ಕು ವಾರ. ಮರಿಗೆ ನಾಲ್ಕು ಹಂತಗಳು, ಆಮೇಲೆ ಎರಡು ಮೂರು ದಿನ ಪೊರೆಹುಳು (ಪ್ಯೂಪ). ಅಷ್ಟೂ ದಿನ ಮಣ್ಣು ಒದ್ದೆ ಇದ್ದರೆ ಮಾತ್ರ ಒಂದು ತಲೆಮಾರು ಪೂರ್ಣವಾಗುತ್ತದೆ. ನಮ್ಮ ಕೈಯಲ್ಲಿರುವ ಅವಕಾಶ ಇಷ್ಟೇ.

ಪಶುವೈದ್ಯ ಚಿತ್ರದುರ್ಗ

ಮೇಲಿನದಕ್ಕೆ ವೈರಸ್ಸಿನ ಲೆಕ್ಕವನ್ನೂ ಸೇರಿಸುತ್ತೇನೆ, ಕಾಲ ತಿಳಿಯುವುದು ಅದರಿಂದ.

ನೊರಜು ರೋಗವಿರುವ ಪ್ರಾಣಿಯ ರಕ್ತ ಕುಡಿದ ತಕ್ಷಣ ಅದರಿಂದ ಅಪಾಯವಿಲ್ಲ. ವೈರಸ್ ಅದರ ಕರುಳಿನಿಂದ ಜೊಲ್ಲುಗ್ರಂಥಿಗೆ ಬರಬೇಕು. 25 ಡಿಗ್ರಿ ಆಸುಪಾಸಿನಲ್ಲಿ ಅದಕ್ಕೆ ಒಂದರಿಂದ ಎರಡು ವಾರ ಬೇಕು. ಆಮೇಲೆ ಸಾಯುವವರೆಗೆ ಪ್ರತಿ ಕಡಿತವೂ ಅಪಾಯವೇ, ಮತ್ತು ಅದು ಮೂರು ನಾಲ್ಕು ದಿನಕ್ಕೊಮ್ಮೆ ರಕ್ತಕ್ಕೆ ಬರುತ್ತದೆ. ಕಚ್ಚಿಸಿಕೊಂಡ ಕುರಿಗೆ ಜ್ವರ ಬರುವುದು ಸುಮಾರು ಒಂದು ವಾರದ ಮೇಲೆ. ಈಗ ಕೂಡಿ ನೋಡಿ: ಮಳೆ ಬಿದ್ದು ಕೆಸರಾಗಿ ನೊರಜು ಹೊರಬರಲು ಎರಡರಿಂದ ನಾಲ್ಕು ವಾರ, ನೊರಜಿನೊಳಗೆ ಒಂದೆರಡು ವಾರ, ಕುರಿಯಲ್ಲಿ ಒಂದು ವಾರ. ಒಟ್ಟು ನಾಲ್ಕರಿಂದ ಏಳು ವಾರ. ಜೋರು ಮಳೆಯ ದಿನ ಯಾರೂ ರೋಗದ ಬಗ್ಗೆ ಯೋಚಿಸುವುದಿಲ್ಲ, ಕುರಿ ಬೀಳುವ ಹೊತ್ತಿಗೆ ಮಳೆ ಮರೆತಿರುತ್ತೇವೆ. ನಮ್ಮಲ್ಲಿ ರೋಗ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಏರುವುದು ಇದೇ ಕಾರಣಕ್ಕೆ.

ಕುರಿಯಿಂದ ಕುರಿಗೆ ತಾಗಿ ಹರಡುವ ರೋಗ ಇದಲ್ಲ. ಮನುಷ್ಯರಿಗೂ ಬರುವುದಿಲ್ಲ. ಹಾಗಾಗಿ ಜ್ವರದ ಕುರಿಯನ್ನು ದೂರದ ಬಯಲಿನಲ್ಲಿ ಒಂಟಿಯಾಗಿ ಕಟ್ಟಿ ಹಾಕುವುದರಿಂದ ಉಪಯೋಗವಿಲ್ಲ, ಅಲ್ಲೂ ನೊರಜು ಕಚ್ಚುತ್ತದೆ, ಬಿಸಿಲೂ ಬಡಿಯುತ್ತದೆ. ನೆರಳಿಗೆ ತಂದು, ಸಂಜೆ ಫ್ಯಾನ್ ಗಾಳಿಯಲ್ಲಿ ಇಡುವುದೇ ನಿಜವಾದ ಪ್ರತ್ಯೇಕತೆ.

ಹಿರಿಯೂರು ಹಟ್ಟಿ

ಫ್ಯಾನ್ ವಿಚಾರ ಬಿಡಿಸಿ ಹೇಳಿ. ಪರದೆಗಿಂತ ಅದು ಮೇಲಾ?

ಕೀಟಬಲೆ

ಹೌದು. ನೊರಜು ತೀರಾ ದುರ್ಬಲವಾಗಿ ಹಾರುವ ಕೀಟ. ಸೆಕೆಂಡಿಗೆ 3 ಮೀಟರ್‌ಗಿಂತ ಜೋರಾದ ಗಾಳಿಯಲ್ಲಿ ಅದಕ್ಕೆ ಪ್ರಾಣಿಯ ಮೇಲೆ ಇಳಿಯುವುದೇ ಕಷ್ಟ. ದೊಡ್ಡ ಪೆಡೆಸ್ಟಲ್ ಫ್ಯಾನ್ ಕೆಲವು ಅಡಿ ದೂರದವರೆಗೆ ಆ ವೇಗ ಕೊಡುತ್ತದೆ. 20 ಅಡಿ ಚೌಕದ ಕೊಟ್ಟಿಗೆಗೆ ಎದುರುಬದುರು ಮೂಲೆಯಲ್ಲಿ ಎರಡು ಫ್ಯಾನ್, ಕುರಿ ಮಲಗುವ ಎತ್ತರಕ್ಕೆ ಬಗ್ಗಿಸಿ. ಮೇಲೆ ತೂಗುವ ಸೀಲಿಂಗ್ ಫ್ಯಾನಿನ ಗಾಳಿ ನೆಲದ ಹತ್ತಿರ ಬರುವಷ್ಟರಲ್ಲಿ ಸೋತಿರುತ್ತದೆ. ಸಂಜೆ ಐದೂವರೆಗೆ ಹಾಕಿದರೆ ಬೆಳಗ್ಗೆ ಏಳರವರೆಗೆ ತಿರುಗಬೇಕು. ಕರೆಂಟ್ ಹೋಗುವ ಹೊತ್ತು ಮುಸ್ಸಂಜೆಯೇ ಆದರೆ ಇನ್ವರ್ಟರ್ ಹಾಕಿಸುವುದು ಈ ಒಂದು ಕೆಲಸಕ್ಕೇ ಸಾರ್ಥಕ.

ಪರದೆಯ ಕಣ್ಣು ನೋಡಿ. ಮಾಮೂಲಿ ಸೊಳ್ಳೆಪರದೆಯ ತೂತು 1.2ರಿಂದ 1.5 ಮಿಲಿಮೀಟರ್. ನೊರಜು ಅದರಲ್ಲಿ ನುಸುಳಿಕೊಂಡು ಒಳಗೆ ಬರುತ್ತದೆ, ಹೊರಗೆ ಹೋಗಲಾರದೆ ಅಲ್ಲೇ ಕಚ್ಚುತ್ತದೆ. ತಡೆಯಬೇಕಾದರೆ ತೂತು 0.6 ಮಿಲಿಮೀಟರ್ ಇಲ್ಲವೇ ಅದಕ್ಕಿಂತ ಸಣ್ಣದಿರಬೇಕು. ಅಷ್ಟು ಸಣ್ಣದಾದರೆ ಗಾಳಿ ನಿಂತು ಸೆಕೆ, ಅಮೋನಿಯಾ ತುಂಬಿ ಕುರಿಗೆ ಕೆಮ್ಮು. ಫ್ಯಾನ್ ಇಲ್ಲದೆ ಸಣ್ಣ ಕಣ್ಣಿನ ಪರದೆ ಕಟ್ಟಬೇಡಿ. ಕಣ್ಣು ದೊಡ್ಡದಾದರೂ ಪೈರಿಥ್ರಾಯ್ಡ್ ಔಷಧಿ ತಾಗಿಸಿದ ಪರದೆ ಸ್ವಲ್ಪ ಕೆಲಸ ಮಾಡುತ್ತದೆ, ನುಸುಳುವಾಗ ಔಷಧಿ ಮೈಗಂಟುತ್ತದೆ. ಮಳೆ, ದೂಳಿಗೆ ಅದು ಬೇಗ ತೊಳೆದುಹೋಗುತ್ತದೆ, ಅದನ್ನೊಂದನ್ನೇ ನಂಬಬಾರದು.

ಹೊಗೆ ಬಗ್ಗೆ: ಬೇವಿನ ಹೊಗೆ ಕೂತಿರುವಷ್ಟು ಹೊತ್ತು ನೊರಜು ಕಡಿಮೆಯಾಗುವುದು ನಿಜ. ಆದರೆ ನಸುಕಿನ ನಾಲ್ಕು ಗಂಟೆಗೆ ಯಾವ ಹಟ್ಟಿಯಲ್ಲೂ ಹೊಗೆ ಇರುವುದಿಲ್ಲ, ನೊರಜು ಇರುತ್ತದೆ. ಮುಚ್ಚಿದ ಕೊಟ್ಟಿಗೆಯಲ್ಲಿ ರಾತ್ರಿಯಿಡೀ ಹೊಗೆ ಹಾಕಿದರೆ ಕುರಿಮರಿಗಳ ಪುಪ್ಪುಸ ಕೆಡುತ್ತದೆ.

ದಾವಣಗೆರೆ ಗದ್ದೆಬಯಲು

ಭದ್ರಾ ನಾಲೆ ಬಯಲಿನಲ್ಲಿರುವವರು ಏನು ಮಾಡಬೇಕು? ಸುತ್ತ ಭತ್ತದ ಗದ್ದೆ. ಹಟ್ಟಿ ಎಷ್ಟು ಒಣಗಿಸಿದರೂ ಗದ್ದೆಯಿಂದ ಬರುತ್ತದಲ್ಲ?

ಕೀಟಬಲೆ

ಗದ್ದೆಯನ್ನು ನೀವು ಒಣಗಿಸಲಾರಿರಿ, ಒಪ್ಪುತ್ತೇನೆ. ನೊರಜು ತಾನಾಗಿ ಹಾರುವುದು ಬಹುಮಟ್ಟಿಗೆ ಕೆಲವು ನೂರು ಮೀಟರ್. ಗಾಳಿ ಹೊತ್ತೊಯ್ದರೆ ಬೇರೆ ಮಾತು, ಸಮುದ್ರದ ಮೇಲೆ ನೂರಾರು ಕಿಲೋಮೀಟರ್ ಹೋಗುವುದೂ ಉಂಟು. ರಾತ್ರಿ ಹಟ್ಟಿಯನ್ನು ಗದ್ದೆಯಂಚಿನಿಂದ ಎತ್ತರದ, ಗಾಳಿ ಬೀಸುವ ದಿಬ್ಬಕ್ಕೆ ಸರಿಸುವುದು ನಿಮಗೆ ಇರುವ ದಾರಿ. ಬಯಲು ಕುರಿಗಾರರು ರೊಪ್ಪವನ್ನು ದಿನ್ನೆಯ ಮೇಲೆ ಹಾಕುವ ರೂಢಿಗೆ ಈ ಲಾಭವೂ ಇದೆ. ಗದ್ದೆ ಬಯಲಿನಲ್ಲಿ ಹಿಕ್ಕೆ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸುವ ಪದ್ಧತಿ ಇದೆಯಲ್ಲ, ಅದನ್ನು ಅಕ್ಟೋಬರ್–ಡಿಸೆಂಬರ್ ನಡುವೆ ನೀರು ನಿಂತ ಗದ್ದೆಗಳ ಪಕ್ಕ ಮಾಡದಿರುವುದು ಒಳ್ಳೆಯದು. ಉಳಿದಂತೆ ನಿಮ್ಮಲ್ಲಿ ಲಸಿಕೆಯೇ ಮುಖ್ಯ.

ಮಿಕ್ಕವರಿಗೆ, ಹಟ್ಟಿಯಲ್ಲಿ ಎಲ್ಲಿ ಮರಿಯಾಗುತ್ತಿದೆ ಅಂತ ಊಹಿಸುವುದಕ್ಕಿಂತ ಪರೀಕ್ಷೆ ಮಾಡಿ. ಅನುಮಾನ ಬಂದ ಜಾಗದಿಂದ ಮೇಲಿನ 3 ಸೆಂಟಿಮೀಟರ್ ಕೆಸರನ್ನು ಅರ್ಧ ಕಿಲೋದಷ್ಟು ಕೆರೆದು ತನ್ನಿ. ಬಕೆಟ್ಟಿನಲ್ಲಿ ಉಪ್ಪು ಇನ್ನು ಕರಗದು ಅನ್ನುವವರೆಗೆ ಕರಗಿಸಿದ ನೀರಿಗೆ ಆ ಕೆಸರು ಹಾಕಿ ಕಲಕಿ, ಹತ್ತು ನಿಮಿಷ ಬಿಡಿ. ಮರಿಗಳು ತೇಲುತ್ತವೆ: ಬಿಳಿ, ದಾರದಷ್ಟು ತೆಳು, ಬಲಿತದ್ದು 5 ಮಿಲಿಮೀಟರ್ ಆಸುಪಾಸು. ಸಿಹಿನೀರಿನ ತಟ್ಟೆಗೆ ಹಾಕಿದರೆ ಹಾವಿನಂತೆ ಬಳುಕುತ್ತಾ ಈಜುತ್ತವೆ. ಕೆಂಪಗಿದ್ದರೆ ಅದು ಕಚ್ಚದ ಬೇರೆ ಜಾತಿಯ ಹುಳುವಿನ ಮರಿ, ಬಿಟ್ಟುಬಿಡಿ. ಖಚಿತವಾಗಬೇಕಾದರೆ ಕೆಸರನ್ನು ಅಗಲ ಬಾಯಿಯ ಡಬ್ಬಿಗೆ ಹಾಕಿ, ವಾಯ್ಲ್ ಬಟ್ಟೆ ಕಟ್ಟಿ, ನೆರಳಲ್ಲಿಟ್ಟು, ಒಣಗದಂತೆ ನೀರು ಚಿಮುಕಿಸಿ. ಮೂರು ವಾರದೊಳಗೆ ನೊರಜು ಬಟ್ಟೆಗೆ ಅಂಟಿಕೊಂಡಿರುತ್ತದೆ.

ಜಾಗ ಸಿಕ್ಕ ಮೇಲೆ ಮದ್ದು ಹೊಡೆಯಬೇಡಿ, ಒಣಗಿಸಿ. ತೊಟ್ಟಿಯ ಸೋರಿಕೆ ಮುಚ್ಚಿ, ಸುತ್ತ ಒಂದೂವರೆ ಮೀಟರ್ ಅಗಲಕ್ಕೆ 10–15 ಸೆಂಟಿಮೀಟರ್ ದಪ್ಪ ಜಲ್ಲಿ ಇಲ್ಲವೇ ಇಳಿಜಾರಿನ ಕಾಂಕ್ರೀಟ್ ಹಾಕಿ. ಬಚ್ಚಲ ನೀರು ಹಟ್ಟಿಯ ಕಡೆ ಹರಿಯದಂತೆ ಪೈಪಿನಲ್ಲಿ ತೆಂಗಿನ ಬುಡಕ್ಕೆ ಒಯ್ಯಿರಿ, ಎರಡು ಮೂರು ಬುಡಗಳಿಗೆ ಸರದಿಯಲ್ಲಿ ಬಿಡಿ, ಒಂದೇ ಕಡೆ ಬಿಟ್ಟರೆ ಹೊಸ ಕೆಸರು. ತಿಪ್ಪೆಯನ್ನು ತಗ್ಗಿನಿಂದ ಎತ್ತರಕ್ಕೆ ತಂದು ಟಾರ್ಪಾಲಿನ್ ಮುಚ್ಚಿ, ರಸ ಹರಿಯದಂತೆ ಬುಡಕ್ಕೆ ಒಡ್ಡು ಕಟ್ಟಿ. ಹಟ್ಟಿಯೊಳಗಿನ ಸಗಣಿಯನ್ನು ವಾರಕ್ಕೆ ಎರಡು ಸಲವಾದರೂ ತೆಗೆದು ಬಿಸಿಲಿಗೆ ತೆಳ್ಳಗೆ ಹರಡಿ. ಎರಡು ವಾರ ತಪ್ಪದೆ ಮಾಡಿದರೆ ಒಂದು ತಲೆಮಾರು ಮುಗಿಯುವ ಮುನ್ನವೇ ಕೊನೆಯಾಗುತ್ತದೆ. ಒಂದು ವಾರ ಮಾಡಿ ಬಿಟ್ಟರೆ ಮಾಡಿದ್ದೂ ವ್ಯರ್ಥ. ಸುಣ್ಣ ಚೆಲ್ಲುವವರು ನೀರು ಬರುವ ದಾರಿ ಮುಚ್ಚದೆ ಚೆಲ್ಲಿದರೆ ನಾಲ್ಕು ದಿನಕ್ಕೆ ಅದೇ ಕೆಸರು.

ಬಳ್ಳಾರಿ ಉಣ್ಣೆ

ಹಟ್ಟಿಯಲ್ಲಿ ದನ ಇದ್ದರೆ ನೊರಜು ದನಕ್ಕೇ ಹೋಗುತ್ತದೆ, ಕುರಿ ಉಳಿಯುತ್ತದೆ ಅಂತ ಹಲವರು ಹೇಳುತ್ತಾರೆ. ಬೇಕೆಂದೇ ಕುರಿರೊಪ್ಪದ ಪಕ್ಕ ಎತ್ತು ಕಟ್ಟುವವರಿದ್ದಾರೆ.

ಪಶುವೈದ್ಯ ಚಿತ್ರದುರ್ಗ

ಅರ್ಧ ನಿಜ, ಆ ಅರ್ಧ ನಿಜವೇ ಅಪಾಯ. ನೊರಜಿಗೆ ದನ ಇಷ್ಟ, ದೊಡ್ಡ ಮೈ, ಹೆಚ್ಚು ಉಸಿರು. ಆದರೆ ದನಕ್ಕೆ ಸೋಂಕು ತಗಲಿದರೂ ಬಹುತೇಕ ಯಾವ ಲಕ್ಷಣವೂ ಕಾಣುವುದಿಲ್ಲ, ರಕ್ತದಲ್ಲಿ ವೈರಸ್ ಮಾತ್ರ ವಾರಗಟ್ಟಲೆ ಇರುತ್ತದೆ. ಅಂತಾರಾಷ್ಟ್ರೀಯ ಪಶು ಸಾಗಣೆ ನಿಯಮಗಳಲ್ಲಿ ಸೋಂಕಿನ ಅವಧಿಯನ್ನು 60 ದಿನ ಅಂತ ಹಿಡಿದಿರುವುದು ಇದಕ್ಕೇ. ಅಂದರೆ ಆರೋಗ್ಯವಾಗಿ ಕಾಣುವ ಎತ್ತು ಪಕ್ಕದಲ್ಲೇ ವೈರಸ್ಸಿನ ಉಗ್ರಾಣವಾಗಿರಬಹುದು. ಅದರ ರಕ್ತ ಕುಡಿದ ನೊರಜು ಒಂದೆರಡು ವಾರದ ಮೇಲಿನ ಊಟಕ್ಕೆ ಕುರಿಯ ಹತ್ತಿರ ಬರಬಹುದು. ದನ, ಕುರಿ ಎರಡೂ ಇರುವ ಮನೆಯವರು ರಾತ್ರಿ ಎರಡನ್ನೂ ಆದಷ್ಟು ದೂರ ಕಟ್ಟಬೇಕು, ಔಷಧಿ ಹೊಡೆಯುವಾಗ ದನವನ್ನು ಬಿಡಬಾರದು.

ಬಳ್ಳಾರಿ ಉಣ್ಣೆ

ಆ ಔಷಧಿ ಯಾವುದು, ಎಷ್ಟು?

ಪಶುವೈದ್ಯ ಚಿತ್ರದುರ್ಗ

ಡೆಲ್ಟಾಮೆಥ್ರಿನ್ 1.25 ಶೇಕಡಾ ದ್ರಾವಣ ಸಿಕ್ಕರೆ ಲೀಟರ್ ನೀರಿಗೆ 2 ಮಿಲಿ. ಡಬ್ಬಿಯ ಮೇಲೆ ಬೇರೆ ಅಳತೆ ಇದ್ದರೆ ಡಬ್ಬಿಯದ್ದೇ ಕೊನೆ ಮಾತು. ಬೆನ್ನ ಉಣ್ಣೆಯ ಮೇಲೆ ಸುರಿದು ಮುಗಿಸುವುದೇ ಎಲ್ಲರೂ ಮಾಡುವ ತಪ್ಪು. ನೊರಜಿಗೆ ಉಣ್ಣೆ ದಾಟಿ ಕಚ್ಚಲಾಗುವುದಿಲ್ಲ, ಅದು ಮುಖ, ಕಿವಿ, ಹೊಟ್ಟೆಯಡಿ, ತೊಡೆಸಂದು, ಕಾಲು ಹುಡುಕುತ್ತದೆ. ಸಿಂಪಡಣೆ ಅಲ್ಲಿಗೆ ತಲುಪಬೇಕು. ಮುಖಕ್ಕೆ ಸಿಂಪಡಿಸದೆ, ಬಟ್ಟೆ ಅದ್ದಿ ಹಿಂಡಿ ಕಣ್ಣು ಬಾಯಿ ಬಿಟ್ಟು ಒರೆಸಿ. ಮೊದಲು ಹೊಟ್ಟೆ ತುಂಬ ನೀರು ಕುಡಿಸಿ, ಬಾಯಾರಿದ ಕುರಿ ಮೈ ನೆಕ್ಕಿಕೊಳ್ಳುತ್ತದೆ. ಸಂಜೆ ತಂಪಿನಲ್ಲಿ, ಮಳೆ ಇಲ್ಲದ ದಿನ. ಕೈಗವಸು ಹಾಕಿ. ಉಳಿದ ದ್ರಾವಣ ಕೆರೆಗೆ ಹೋದರೆ ಮೀನು ಸಾಯುತ್ತವೆ, ಬೆಕ್ಕಿಗೂ ಇದು ವಿಷ. ಔಷಧಿ ಕಡಿತವನ್ನು ತಗ್ಗಿಸುತ್ತದೆ, ರೋಗವನ್ನು ನಿಲ್ಲಿಸುತ್ತದೆ ಅಂತ ಭರವಸೆ ಕೊಡಲಾರೆ.

ಕೀಟಬಲೆ

ಬೆಳಕಿನ ಬಲೆ ಬಗ್ಗೆ ಕೆಲವರು ಖಾಸಗಿಯಾಗಿ ಕೇಳಿದ್ದಾರೆ. ಇಲ್ಲೇ ಬರೆಯುತ್ತೇನೆ. ಇದು ನೊರಜನ್ನು ಮುಗಿಸುವ ಸಾಧನವಲ್ಲ, ಎಷ್ಟಿದೆ ಎಂದು ಅಳೆಯುವ ಸಾಧನ.

4 ಇಂಚಿನ ಪಿವಿಸಿ ಪೈಪ್ ಒಂದಡಿ ಉದ್ದ. ಒಳಗೆ 12 ವೋಲ್ಟಿನ ಕಂಪ್ಯೂಟರ್ ಫ್ಯಾನ್, ಗಾಳಿ ಕೆಳಮುಖವಾಗಿ ಎಳೆಯುವಂತೆ. ಪೈಪಿನ ಬಾಯಿಗೆ 2 ಮಿಲಿಮೀಟರ್ ಕಣ್ಣಿನ ಜಾಲರಿ, ಪತಂಗ ಜೀರುಂಡೆ ಬೀಳದಿರಲಿ ಅಂತ. ಅದರ ಮೇಲೆ ನೇರಳಾತೀತ ಎಲ್‌ಇಡಿ ಪಟ್ಟಿ, ಮಳೆಗೆ ಒಂದು ತಟ್ಟೆ. ಕೆಳಗೆ ವಾಯ್ಲ್ ಬಟ್ಟೆಯ ತೋಳು, ಅದರ ತುದಿಗೆ ಅರ್ಧ ಲೀಟರಿನ ಡಬ್ಬಿ, ಅದರಲ್ಲಿ 200 ಮಿಲಿ ನೀರು, ಪಾತ್ರೆ ತೊಳೆಯುವ ದ್ರವ ಎರಡೇ ಹನಿ. ಸಾಬೂನಿಲ್ಲದ ನೀರಿನ ಮೇಲೆ ನೊರಜು ತೇಲುತ್ತದೆ, ಮುಳುಗುವುದಿಲ್ಲ. ಫ್ಯಾನ್, ದೀಪ ಸೇರಿ 0.4 ಆಂಪಿಯರ್ ಎಳೆದರೆ 12 ಗಂಟೆಗೆ 4.8 ಆಂಪಿಯರ್-ಗಂಟೆ, ಹಾಗಾಗಿ 7 ಆಂಪಿಯರ್-ಗಂಟೆಯ ಬ್ಯಾಟರಿ ಸಾಕು. ನೆಲದಿಂದ ಒಂದೂವರೆ ಎರಡು ಮೀಟರ್ ಎತ್ತರದಲ್ಲಿ, ಕುರಿಗಳಿಂದ ಕೆಲವೇ ಮೀಟರ್ ದೂರದಲ್ಲಿ ತೂಗಿ. ಸೂರ್ಯ ಮುಳುಗುವ ಮುಂಚೆ ಹಾಕಿ, ಹುಟ್ಟಿದ ಮೇಲೆ ತೆಗೆಯಿರಿ. ಹತ್ತಿರದಲ್ಲಿ ಬೀದಿದೀಪ ಇದ್ದರೆ ಲೆಕ್ಕ ಕೆಡುತ್ತದೆ. ಹುಣ್ಣಿಮೆಯ ಆಚೀಚೆ ಬೀಳುವುದೇ ಕಡಿಮೆ, ಆ ರಾತ್ರಿಗಳನ್ನು ಉಳಿದವುಗಳ ಜೊತೆ ಹೋಲಿಸಬೇಡಿ.

ಬೆಳಗ್ಗೆ ಬಿಳಿ ತಟ್ಟೆಗೆ ಸುರಿದು ಹತ್ತು ಪಟ್ಟು ದೊಡ್ಡದು ತೋರಿಸುವ ಮಸೂರದಲ್ಲಿ ನೋಡಿ. ಹೆಣ್ಣಿನ ಹೊಟ್ಟೆಯ ಚರ್ಮದಲ್ಲಿ ಕಡುಗೆಂಪು ಬಣ್ಣ ಹರಡಿದ್ದರೆ ಅದು ಈಗಾಗಲೇ ಒಮ್ಮೆ ರಕ್ತ ಕುಡಿದು ಮೊಟ್ಟೆ ಇಟ್ಟ ಹಳೆಯ ನೊರಜು. ಡೈಸ್ 1969ರಲ್ಲಿ ವಿವರಿಸಿದ ಗುರುತು ಇದು, ಇಂದಿಗೂ ಬಳಕೆಯಲ್ಲಿದೆ. ಬಣ್ಣವಿಲ್ಲದವು ಹೆಚ್ಚಿದ್ದರೆ ಹತ್ತಿರದಲ್ಲೇ ಹೊಸದಾಗಿ ಹುಟ್ಟುತ್ತಿವೆ, ಕೆಸರು ಹುಡುಕಿ. ಕಡುಗೆಂಪಿನವು ಹೆಚ್ಚಿದ್ದರೆ ವೈರಸ್ ಹೊರುವ ವಯಸ್ಸಿನವು ಬಂದಿವೆ, ಕುರಿಗಳ ಜ್ವರ ಅಳೆಯಲು ಶುರುಮಾಡಿ.

ಗುರುತಿಸಲು ಕಳಿಸುವುದಾದರೆ ಅಂದೇ 70 ಶೇಕಡಾ ಆಲ್ಕೋಹಾಲಿಗೆ ಹಾಕಿ. ಮಧ್ಯಾಹ್ನದವರೆಗೆ ನೀರಲ್ಲಿ ಬಿಟ್ಟರೆ ರೆಕ್ಕೆ ಕೊಳೆತು ಮಚ್ಚೆ ಕಾಣುವುದಿಲ್ಲ.

ಉಟ್ರೆಕ್ಟ್ ಕನ್ನಡಿಗ

ಇಲ್ಲಿ ನೆದರ್‌ಲ್ಯಾಂಡ್ಸಿನ ಅನುಭವ ಲಸಿಕೆ ವಿಚಾರಕ್ಕೆ ಬೇಕಾಗುತ್ತದೆ ಅಂತ ಬರೆಯುತ್ತಿದ್ದೇನೆ. 2006ರ ಆಗಸ್ಟಿನಲ್ಲಿ ನೀಲಿ ನಾಲಿಗೆ ವೈರಸ್ಸಿನ 8ನೇ ಮಾದರಿ (ಸೀರೋಟೈಪ್) ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ಜರ್ಮನಿಗಳಲ್ಲಿ ಕಾಣಿಸಿಕೊಂಡಿತು. ಇಷ್ಟು ಚಳಿಯ ನಾಡಿಗೆ ಇದು ಬರದು ಅಂದುಕೊಂಡಿದ್ದರು, ಇಲ್ಲಿಯದೇ ನೊರಜುಗಳು ಅದನ್ನು ಹರಡಿದವು. ಚಳಿಗಾಲ ದಾಟಿ 2007ರಲ್ಲಿ ಇನ್ನೂ ಜೋರಾಯಿತು. 2008ರಲ್ಲಿ ಅದೇ ಮಾದರಿಯ ಲಸಿಕೆ ದೊಡ್ಡದಾಗಿ ಹಾಕಿದ ಮೇಲೆಯೇ ಇಳಿದದ್ದು. 2023ರ ಸೆಪ್ಟೆಂಬರಿನಲ್ಲಿ 3ನೇ ಮಾದರಿ ಬಂದಾಗ 8ರ ಲಸಿಕೆ ಯಾವ ಕೆಲಸಕ್ಕೂ ಬರಲಿಲ್ಲ.

ಪಶುವೈದ್ಯ ಚಿತ್ರದುರ್ಗ

ಸರಿಯಾದ ಜಾಗದಲ್ಲಿ ಹೇಳಿದಿರಿ. ಈ ವೈರಸ್ಸಿನಲ್ಲಿ ಇಪ್ಪತ್ನಾಲ್ಕಕ್ಕೂ ಹೆಚ್ಚು ಮಾದರಿಗಳಿವೆ, ಒಂದರ ರಕ್ಷಣೆ ಇನ್ನೊಂದಕ್ಕೆ ಪೂರ್ತಿ ಸಿಗುವುದಿಲ್ಲ. ಭಾರತದಲ್ಲಿ ರೋಗ ಮೊದಲು ವರದಿಯಾದದ್ದು 1964ರಲ್ಲಿ ಮಹಾರಾಷ್ಟ್ರದಿಂದ. ಇಂದು ದಕ್ಷಿಣದ ರಾಜ್ಯಗಳಲ್ಲಿ ಹಲವು ಮಾದರಿಗಳು ಒಟ್ಟಿಗೆ ಓಡಾಡುತ್ತಿವೆ. ನಮ್ಮಲ್ಲಿ ಸಿಗುವ ನಿಷ್ಕ್ರಿಯ ಲಸಿಕೆಯಲ್ಲಿ 1, 2, 10, 16, 23 ಎಂಬ ಐದು ಮಾದರಿಗಳಿವೆ. ಹಾಕಿಸಿದ ಮೇಲೂ ಒಂದೆರಡು ಕುರಿಗೆ ಬಂದರೆ ಲಸಿಕೆ ಸುಳ್ಳು ಅನ್ನಬೇಡಿ, ಈ ಐದರಲ್ಲಿಲ್ಲದ ಬೇರೆ ಮಾದರಿ ಇರಬಹುದು. ಅಂಥ ಹಿಂಡಿನ ರಕ್ತವನ್ನು ಖಂಡಿತ ಪರೀಕ್ಷೆಗೆ ಕಳಿಸಬೇಕು, ಮುಂದಿನ ಲಸಿಕೆಯಲ್ಲಿ ಏನಿರಬೇಕು ಅನ್ನುವುದು ತಿಳಿಯುವುದು ಅದರಿಂದಲೇ.

ಕಾಲ: ಬೂಸ್ಟರ್ ಸೇರಿ ಆಗಸ್ಟ್ ಒಳಗೆ ಮುಗಿಯಲಿ. ನವೆಂಬರಿನಲ್ಲಿ ಪಕ್ಕದ ಹಟ್ಟಿಗೆ ರೋಗ ಬಂದಾಗ ಹಾಕಿಸಿದರೆ ರಕ್ಷಣೆ ಕಟ್ಟುವಷ್ಟರಲ್ಲಿ ಸೋಂಕು ಒಳಗಿರುತ್ತದೆ. ತಾಯಿಗೆ ಲಸಿಕೆ ಆಗಿದ್ದರೆ ಮರಿಗೆ ಮೂರು ತಿಂಗಳು ತುಂಬುವವರೆಗೆ ಕಾಯಿರಿ, ಗಿಣ್ಣುಹಾಲಿನಿಂದ ಬಂದ ರಕ್ಷಣೆ ಲಸಿಕೆಯನ್ನು ಹಿಡಿಯಗೊಡುವುದಿಲ್ಲ. ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರ್ ಖಾನೆಯಲ್ಲಿಟ್ಟು ಹೆಪ್ಪುಗಟ್ಟಿದ ನಿಷ್ಕ್ರಿಯ ಲಸಿಕೆ ಕೆಟ್ಟಂತೆಯೇ, ಕರಗಿಸಿ ಹಾಕಬೇಡಿ.

ಹಿರಿಯೂರು ಹಟ್ಟಿ

ಜ್ವರ ಶುರುವಾದ ಮೇಲಿನ ಎರಡು ದಿನದ್ದು ಉಳಿಯಿತು. ಪಿಪಿಆರ್ (ಕುರಿ-ಮೇಕೆಗಳ ಇನ್ನೊಂದು ವೈರಸ್ ರೋಗ) ಅಂತ ಔಷಧಿ ಕೊಟ್ಟು ಕೆಲವರು ದಿನ ಕಳೆಯುತ್ತಾರೆ.

ಪಶುವೈದ್ಯ ಚಿತ್ರದುರ್ಗ

ನೋಡುವ ಕ್ರಮ ಹೀಗೆ. ಮೇಕೆ, ಕುರಿ ಎರಡೂ ಇರುವ ಹಿಂಡಿನಲ್ಲಿ ಮೇಕೆ ಚೆನ್ನಾಗಿದ್ದು ಕುರಿ ಮಾತ್ರ ಬಿದ್ದರೆ ಮೊದಲ ಅನುಮಾನ ನೀಲಿ ನಾಲಿಗೆ. ಪಿಪಿಆರ್ ಮೇಕೆಯನ್ನು ಬಿಡುವುದಿಲ್ಲ, ಬೇಧಿಯೂ ಜೋರು. ದನಕ್ಕೂ ಬಾಯಿ ಹುಣ್ಣು, ಗುಳ್ಳೆ ಇದ್ದರೆ ಕಾಲುಬಾಯಿ ರೋಗ. ಮರಿಗಳ ತುಟಿಯಂಚಿನಲ್ಲಿ ದಪ್ಪ ಹಕ್ಕಳೆ ಇದ್ದು ಜ್ವರ ಅಷ್ಟಿಲ್ಲದಿದ್ದರೆ ಬಾಯಿ ಹುಣ್ಣಿನ ಬೇರೆ ವೈರಸ್. ನೀಲಿ ನಾಲಿಗೆಯಲ್ಲಿ 41–42 ಡಿಗ್ರಿ ಜ್ವರ, ತುಟಿ ಮುಖ ಊದುವುದು, ಮೂಗಿನ ಸಿಂಬಳ ಒಣಗಿ ಕಟ್ಟುವುದು, ಗೊರಸು ಚರ್ಮಕ್ಕೆ ಸೇರುವಲ್ಲಿ ಕೆಂಪು ಗೆರೆ ಮತ್ತು ಕುಂಟು. ನಾಲಿಗೆ ನೀಲಿಯಾಗುವುದು ಕೆಲವಕ್ಕೆ ಮಾತ್ರ. ನೀಲಿ ಆಗಲಿ ಅಂತ ಕಾಯುತ್ತಾ ಕೂರಬೇಡಿ.

ವೈರಸ್ಸಿಗೆ ಮದ್ದಿಲ್ಲ, ಕುರಿಯನ್ನು ಉಳಿಸಿಕೊಳ್ಳುವ ಆರೈಕೆ ಇದೆ. ನೆರಳು ಕಡ್ಡಾಯ, ಬಿಸಿಲು ಬಾಯಿ-ಮುಖದ ಹುಣ್ಣನ್ನು ಹೆಚ್ಚಿಸುತ್ತದೆ. ಮೇಯಲು ಅಟ್ಟಬೇಡಿ, ಗೊರಸು ನೋಯುವ ಕುರಿ ನಡೆದಷ್ಟೂ ಕುಗ್ಗುತ್ತದೆ. ಬಾಯಿ ತೊಳೆಯಲು ಪೊಟ್ಯಾಸಿಯಂ ಪರ್ಮಾಂಗನೇಟ್ ಲೀಟರಿಗೆ 1 ಗ್ರಾಂ, ಅದಕ್ಕಿಂತ ಗಟ್ಟಿಯಾದರೆ ಹುಣ್ಣು ಸುಡುತ್ತದೆ. ಆಮೇಲೆ ಬೋರೋಗ್ಲಿಸರಿನ್. ರಾಗಿ ಅಂಬಲಿ ಇಲ್ಲವೇ ಜೋಳದ ಗಂಜಿ ಸ್ವಲ್ಪ ಉಪ್ಪು ಬೆಲ್ಲ ಹಾಕಿ ದಿನಕ್ಕೆ ನಾಲ್ಕು ಸಲ, ತಲೆ ಎತ್ತಿ ಹಿಡಿಯದೆ ನಿಧಾನವಾಗಿ. ನುಂಗಲಾಗದ ಕುರಿಗೆ ಬಲವಂತವಾಗಿ ಸುರಿದರೆ ಪುಪ್ಪುಸಕ್ಕೆ ಹೋಗಿ ಅದರಿಂದಲೇ ಸಾಯುತ್ತದೆ, ಅದಕ್ಕೆ ವೈದ್ಯರಿಂದ ಗ್ಲೂಕೋಸ್ ಏರಿಸಬೇಕು. ನೋವು-ಜ್ವರದ ಚುಚ್ಚುಮದ್ದು, ಎರಡನೇ ಸೋಂಕಿಗೆ ಆಂಟಿಬಯೋಟಿಕ್ ವೈದ್ಯರ ಲೆಕ್ಕದಲ್ಲಿ.

ಔಷಧಿಗೂ ಮುಂಚೆ ರಕ್ತ ತೆಗೆಸಿ, ಜ್ವರ ಏರಿರುವಾಗಲೇ. ರಕ್ತ ಗಟ್ಟಿಯಾಗದಂತೆ ಇಡಿಟಿಎ ಹಾಕಿರುವ ಸೀಸೆಗೆ 5 ಮಿಲಿ, ಖಾಲಿ ಸೀಸೆಗೆ 5 ಮಿಲಿ. ಇಡಿಟಿಎ ಸೀಸೆಯ ರಕ್ತ ಮಂಜುಗಟ್ಟಬಾರದು: ಐಸ್‌ಪ್ಯಾಕಿಗೆ ಕಾಗದ ಸುತ್ತಿ ಸೀಸೆ ಪಕ್ಕದಲ್ಲಿಡಿ, ಮಂಜುಗಡ್ಡೆಯೊಳಗೆ ಹೂತಿಡಬೇಡಿ. ಸತ್ತ ಕುರಿಯಾದರೆ ಗುಲ್ಮದ ತುಂಡು. ಹೆಬ್ಬಾಳದ ಪ್ರಯೋಗಾಲಯಕ್ಕೆ ಜಿಲ್ಲೆಯ ಪಶುಪಾಲನಾ ಇಲಾಖೆ ಮೂಲಕ ಕಳಿಸಬಹುದು. ಚೀಟಿಯಲ್ಲಿ ಹಿಂಡಿನ ಗಾತ್ರ, ಬಿದ್ದವು ಎಷ್ಟು, ಸತ್ತವು ಎಷ್ಟು, ಲಸಿಕೆ ಹಾಕಿದ ತಾರೀಖು ಬರೆಯಿರಿ. ಬರೆಯದೆ ಕಳಿಸಿದ ಸೀಸೆಯಿಂದ ಪ್ರಯೋಗಾಲಯ ವೈರಸ್ ಹೇಳಬಹುದು, ಲಸಿಕೆ ಸೋತಿದೆಯೇ ಇಲ್ಲವೇ ಅಂತ ಹೇಳಲಾಗುವುದಿಲ್ಲ.

ಮಂಡ್ಯ ಬಂಡೂರು

ಇದೇ ನೊರಜಿನಿಂದ ದನಗಳ ಮೂರು ದಿನದ ಜ್ವರವೂ ಬರುತ್ತದಾ?

ಕೀಟಬಲೆ

ಆ ವೈರಸ್ ನೊರಜಿನಲ್ಲೂ ಸೊಳ್ಳೆಯಲ್ಲೂ ಸಿಕ್ಕಿದೆ, ಹಾಗಾಗಿ ಅಲ್ಲಿ ಸೊಳ್ಳೆಯನ್ನೂ ತಡೆಯಬೇಕು. ಭತ್ತದ ಬಯಲಿನ ಕೋಳಿ ಸಾಕುವವರೂ ಎಚ್ಚರವಿರಲಿ: ಲ್ಯೂಕೋಸೈಟೋಝೂನ್ ಎಂಬ ರಕ್ತದ ಪರೋಪಜೀವಿಯನ್ನು ಕೋಳಿಗೆ ಹೊರುವುದೂ ಗದ್ದೆಯ ನೊರಜೇ. ಕುದುರೆ ಸಾಕುವವರಿಗೆ ಕಡಿತದ ಅಲರ್ಜಿಯೇ ದೊಡ್ಡ ತೊಂದರೆ, ಕುತ್ತಿಗೆ ಕೂದಲ ಬುಡ ಮತ್ತು ಬಾಲದ ಬುಡ ಉಜ್ಜಿಕೊಂಡು ಗಾಯ ಮಾಡಿಕೊಳ್ಳುತ್ತವೆ. ಮಂಗನ ಕಾಯಿಲೆಯನ್ನು ಇದಕ್ಕೆ ಸೇರಿಸಬೇಡಿ, ಅದು ಉಣ್ಣೆಹುಳುವಿನಿಂದ.

ದಾವಣಗೆರೆ ಗದ್ದೆಬಯಲು

ಬಲೆಯ ಲೆಕ್ಕ ವಾರಕ್ಕೆ ಎಷ್ಟು ರಾತ್ರಿ ಹಾಕಿದರೆ ಸಾಕು?

ಕೀಟಬಲೆ

ವಾರಕ್ಕೆ ಒಂದು ರಾತ್ರಿ, ಅದೇ ಜಾಗ, ಅದೇ ಎತ್ತರ, ಜೋರು ಗಾಳಿ-ಮಳೆ ಇಲ್ಲದ ದಿನ. ಆಗಸ್ಟಿನಲ್ಲಿ ಶುರುಮಾಡಿ ಜನವರಿವರೆಗೆ. ಸಂಖ್ಯೆಯ ಜೊತೆಗೆ ಆ ವಾರದ ಮಳೆಯನ್ನೂ ಬರೆದಿಡಿ.